ಜಗಲಿಯ ಮೇಲೊಂದು ನೊರೆಗೂಡು

ಮೀನು ತಿನ್ನುವ ಊರಿನಲ್ಲಿ ಮೀನು ಸಾಕಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ಒಂದೆರಡಾಗಿದ್ದರೆ ಮರೆತುಬಿಡಬಹುದಿತ್ತು.

ಬಿ.ಎಸ್ಸಿ. ಮುಗಿಸಿ, ಅಲ್ಲಿ ಇಲ್ಲಿ ಅರ್ಜಿ ಹಾಕಿ, ಉತ್ತರಕ್ಕೆ ಕಾಯುತ್ತಿದ್ದ ಮಳೆಗಾಲ. ಕಾರವಾರದ ಸೈಬರ್ ಸೆಂಟರಿನಲ್ಲಿ ಒಂದು ತಾಸು ಕೂತು ಬೆಟ್ಟಾ ಮೀನು ಮರಿ ಮಾಡಿಸುವ ಬಗ್ಗೆ ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಂಗಡಿಯವರು ಇದನ್ನೇ ಫೈಟರ್ ಎನ್ನುತ್ತಾರೆ. ಬೆರಳುದ್ದದ ಮೀನು, ಗಂಡಿನ ಬಾಲ ಮಾತ್ರ ಸೀರೆಯ ಸೆರಗಿನ ಹಾಗೆ. ಬೆಳಂಬಾರದ ನಮ್ಮ ಮನೆಯ ಜಗಲಿಯಲ್ಲಿ ಗಾಜಿನ ತೊಟ್ಟಿ ಇಟ್ಟು ನೀರು ತುಂಬಿಸಿದೆ. ಮೂರನೆಯ ದಿನ ಅಪ್ಪ ಹೇಳಿದ:

"ಚೌತಿಗೆ ಗಣಪತಿ ಕೂರಿಸೂಕೆ ಜಗಲಿ ಬೇಕು. ಅಷ್ಟರೊಳಗೆ ಮರಿ ತೋರಿಸಿದ್ರೆ ಇರ್ಲಿ. ಇಲ್ಲಾಂದ್ರೆ ಮೀನೂ ಇಲ್ಲ, ತೊಟ್ಟಿಯೂ ಇಲ್ಲ."

ಎರಡೂವರೆ ತಿಂಗಳಿತ್ತು. ಓದಿದ ಪ್ರಕಾರ ಮೂರು ವಾರ ಸಾಕಿತ್ತು.

ಬಸ್ಸಿನಲ್ಲಿ

ಜೋಡಿಯನ್ನು ಕಾರವಾರದ ಅಂಗಡಿಯಿಂದ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ತಂದೆ. ಒಂದೇ ಚೀಲದಲ್ಲಿಟ್ಟರೆ ಕಚ್ಚಾಡುತ್ತವೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಒಣಮೀನು ಮಾರುವ ಹೆಂಗಸು, ಕಾಲ ಬಳಿ ಬುಟ್ಟಿ. ಅರ್ಗಾ ದಾಟುವವರೆಗೂ ಚೀಲಗಳನ್ನೇ ನೋಡಿದಳು.

"ಎಂಥಾ ಮೀನು ತಮಾ ಇದು?"

"ಬೆಟ್ಟಾ."

"ಸಾರಿಗೋ, ಹುರಿಯೂಕೋ?"

"ಸಾಕೂಕೆ."

"ದೊಡ್ಡ ಆದ್ಮೇಲೆ ತಿನ್ನೂದಾ?"

"ದೊಡ್ಡ ಆಗೂದಿಲ್ಲ. ಇಷ್ಟೇ."

ಅವಳು ಕಿಟಕಿಯಾಚೆ ನೋಡಿದಳು. ಮಳೆಗಾಲ, ದೋಣಿಗಳೆಲ್ಲ ದಡದಲ್ಲಿ. ಮೀನು ಸಿಗದ ತಿಂಗಳಲ್ಲಿ ಸಿಕ್ಕಿದ್ದನ್ನೇ ಕೊಂಡ ಬಡಪಾಯಿ ಎಂದುಕೊಂಡಿರಬೇಕು. ಇಳಿಯುವ ಮುಂಚೆ ಒಂದು ಹಿಡಿ ಒಣ ತಾರ್ಲೆ ಮೀನು ತೆಗೆದು, ಕಾಗದದಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟಳು.

"ಇದನ್ನೂ ತಕಂಡು ಹೋಗು. ಬರೀ ಅವೆರಡು ತಕಂಡು ಹೋದ್ರೆ ಆಯಿ ಮನೆ ಒಳಗೆ ಸೇರಿಸೂದಿಲ್ಲ."

ನೋಟ್‌ಬುಕ್ಕಿನಲ್ಲಿ ಮೊದಲ ದಿನದ ಟಿಪ್ಪಣಿ ಈಗಲೂ ಇದೆ: ಎರಡೂ ಮೀನು ಜೀವಂತ. ತಾರ್ಲೆ ಖರ್ಚಾಯಿತು.

ನೊರೆ

ಬೆಟ್ಟಾ ಗಂಡು ಬಾಯಿಂದ ಗುಳ್ಳೆ ಬಿಟ್ಟು ನೀರಿನ ಮೇಲೆ ನೊರೆಯ ಗೂಡು ಕಟ್ಟುತ್ತದೆ. ಮೊಟ್ಟೆ ಇರುವುದು ಅದರಲ್ಲೇ. ಗೂಡಿಲ್ಲದಿದ್ದರೆ ಮರಿಯಿಲ್ಲ. ಗೂಡು ನಿಲ್ಲುವವರೆಗೂ ಹೆಣ್ಣು ಬೇರೆ ಬಾಟಲಿಯಲ್ಲಿ.

ನಮ್ಮದು ದಿನವಿಡೀ ಕಟ್ಟುತ್ತಿತ್ತು. ಮರುದಿನ ನಾನು ಏಳುವಷ್ಟರಲ್ಲಿ ನೀರು ಸಪಾಟು. ಹೀಗೆ ಒಂದು ತಿಂಗಳು. ನೀರಿನ ಉಷ್ಣಾಂಶ ಬರೆದೆ, ಮಳೆ ಬಂದ ಹೊತ್ತು ಬರೆದೆ, ಗಾಳಿಯ ದಿಕ್ಕು ಬರೆದೆ. ನೀರು ಹದವಾಗಲೆಂದು ತೊಟ್ಟಿಗೆ ಬಾದಾಮಿ ಎಲೆ ಹಾಕಿದೆ. ಗಾಳಿಯ ಒತ್ತಡ ಕಡಿಮೆಯಾದಾಗ ಗುಳ್ಳೆ ಒಡೆಯುತ್ತದೆ ಎಂದು ಒಂದೂವರೆ ಪುಟ ಸಿದ್ಧಾಂತವನ್ನೂ ಬರೆದೆ.

ಒಂದು ದಿನ ಬೇಗ ಎಚ್ಚರವಾಯಿತು. ನಮ್ಮಮ್ಮ, ಆಯಿ, ಸೌಟು ಹಿಡಿದು ತೊಟ್ಟಿಯ ಮುಂದೆ ನಿಂತಿದ್ದಳು. ಕುದಿಯುವ ಬೇಳೆಯ ನೊರೆ ತೆಗೆಯುವ ಹಾಗೆ ತೆಗೆಯುತ್ತಿದ್ದಳು.

"ಆಯೀ! ಎಂತ ಮಾಡ್ತೆ?"

"ದಿನಾ ಹೊಲಸು ನೊರೆ ಬತ್ತದೆ. ನೀನಂತೂ ಬರೆಯೂದೇ ಆಯ್ತು. ಯಾರಾದ್ರೂ ತೆಗೀಬೇಕಲ್ಲ?"

ಅದು ಗಂಡು ತನ್ನ ಮಕ್ಕಳಿಗೆ ಕಟ್ಟುವ ಮನೆ ಎಂದು ವಿವರಿಸಿದೆ. ಆಯಿಯ ಮುಖ ಬಾಡಿತು. ಸೌಟು ಕೆಳಗಿಟ್ಟು ಗಾಜಿನ ಹತ್ತಿರ ಬಗ್ಗಿದಳು.

"ತಿಂಗಳಿಂದ ಕೆಡವ್ತಾ ಇದ್ರೂ ದಿನಾ ಕಟ್ತಾ ಅದೆಯಾ?"

"ಹೌದು."

ಆಯಿ ಒಳಗೆ ತಿರುಗಿ ಕೂಗಿದಳು: "ಹೋಯ್, ಸ್ವಲ್ಪ ಇಲ್ ಬನ್ನಿ! ಯುಗಾದಿಯಿಂದ ಒಂದು ಹಂಚು ಸರಿ ಮಾಡಿ ಅಂತ ಹೇಳ್ತಾನೇ ಇದ್ದೆ. ಗಂಡು ಅಂದ್ರೆ ಹೆಂಗಿರ್ಬೇಕು, ಬಂದು ನೋಡಿ."

ಅಪ್ಪ ಬರಲಿಲ್ಲ. ಹಂಚು ಮಾತ್ರ ಆ ವಾರವೇ ಸರಿಯಾಯಿತು.

ತಪಾಸಣೆ

ಗೂಡು ನಿಂತಿತು. ಇನ್ನು ಹೆಣ್ಣು ಮೊಟ್ಟೆಗೆ ಬರಲು ಜೀವಂತ ಆಹಾರ ಬೇಕು. ಹಿತ್ತಲಿನಲ್ಲಿ ಒಂದು ಹಳೆಯ ಬಕೆಟ್ಟಿನಲ್ಲಿ ಸೊಳ್ಳೆಮರಿ ಬೆಳೆಸುತ್ತಿದ್ದೆ. ಮಲೇರಿಯಾ ತಪಾಸಣೆಗೆ ಮನೆ ಮನೆ ತಿರುಗುವ ಆರೋಗ್ಯ ಸಹಾಯಕಿ ನೇರವಾಗಿ ಅದರ ಹತ್ತಿರವೇ ಹೋಗಿ ಬಗ್ಗಿದರು.

"ಹುಳ ಅದೆ! ಯಾರು ಬಿಟ್ಟಿದ್ದು ಇದನ್ನ?"

"ನಾನೇ. ಸಾಕಿದ್ದು."

"ಸಾಕಿದ್ದಾ?"

"ದಿನಾ ಸೋಸಿ ತೆಗೀತೆ ಬಾಯೋರೇ. ಒಂದೂ ಸೊಳ್ಳೆ ಆಗೂಕೆ ಬಿಡೂದಿಲ್ಲ." ನೋಟ್‌ಬುಕ್ ತೋರಿಸಿದೆ. ಅವರು ಅದರತ್ತ ನೋಡದೆ ಬಕೆಟ್ಟನ್ನು ಕಾಲಿನಿಂದಲೇ ಮಗುಚಿದರು. ಹತ್ತು ನಿಮಿಷ ಬೈದರು. ನಾನು ಓದಿದ ಕಾಲೇಜಿಗೂ ಬೈದರು.

ಹೊರಡುವಾಗ ಜಗಲಿಯಲ್ಲಿ ನಿಂತು ತೊಟ್ಟಿ ನೋಡಿದರು. ಧ್ವನಿ ಇಳಿಯಿತು.

"ಇವು ಹುಳ ಪೂರ್ತಿ ತಿಂತಾವಾ?"

"ಒಂದೂ ಬಿಡೂದಿಲ್ಲ."

"ಮರಿ ಆದ್ರೆ ನಂಗೊಂದು ಎರಡು ಇಡು. ನಮ್ಮನೆ ನೀರಿನ ತೊಟ್ಟಿ ಒಳಗೂ ಹುಳ ಬಿದ್ದದೆ. ಯಾರಿಗೂ ಹೇಳಬೇಡ."

ಚೌತಿಯ ಬೆಳಿಗ್ಗೆ

ಮೊಟ್ಟೆ ಬಿದ್ದಾಗ ಹಬ್ಬಕ್ಕೆ ನಾಲ್ಕೇ ದಿನ. ನಿಯಮದಂತೆ ಹೆಣ್ಣನ್ನು ತೆಗೆದು ಮತ್ತೆ ಬಾಟಲಿಗೆ ಹಾಕಿದೆ. ಇಲ್ಲದಿದ್ದರೆ ಗಂಡು ಕಚ್ಚಿ ಕೊಲ್ಲುತ್ತದೆ. ಆಯಿ ಒಪ್ಪಲಿಲ್ಲ. "ಹೆತ್ತವಳನ್ನ ಹೊರಗೆ ಹಾಕೂದಾ?" ಎಂದು ಆ ಬಾಟಲಿಯನ್ನು ಅಡುಗೆಮನೆಯ ಬೆಚ್ಚನೆಯ ಮೂಲೆಗೆ ಒಯ್ದಳು.

ಚೌತಿಯ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಜಗಲಿಗೆ ಬಂದ. ಗಣಪತಿ ತರಲು ಹೋಗಬೇಕಿತ್ತು. ಅದಕ್ಕೆ ಮುಂಚೆ ತೊಟ್ಟಿ ಎತ್ತಿಸಬೇಕಿತ್ತು.

"ಎಲ್ಲಿ ಮರಿ?"

"ನೊರೆಯ ಕೆಳಗೆ. ಅಲ್ಪವಿರಾಮದ ಚಿಹ್ನೆಯಷ್ಟು."

"ನಂಗೇನೂ ಕಾಣೂದಿಲ್ಲ. ಎತ್ತು."

ನಾನು ಕನ್ನಡಕ ತಂದುಕೊಟ್ಟೆ. ಅಪ್ಪ ಗಾಜಿಗೆ ಮೂಗು ತಾಗಿಸಿದ. ಅಷ್ಟರಲ್ಲಿ ಒಂದು ಮರಿ ಗೂಡಿನಿಂದ ಜಾರಿ ಕೆಳಗಿಳಿಯಿತು. ಗಂಡು ನುಗ್ಗಿ ಬಂದು ಅದನ್ನು ಬಾಯಿಗೆ ಹಾಕಿಕೊಂಡಿತು.

"ತಿಂತೋ! ಮಗನ್ನೇ ತಿಂತೋ!" ಅಪ್ಪ ಮೊಣಕೈವರೆಗೆ ಕೈ ಹಾಕಿದ. ಮೀನು ಕಿವಿರು ಅರಳಿಸಿ ಬೆರಳಿಗೆ ಎರಗಿತು. ಅಪ್ಪ ಕೈ ಎಳೆದುಕೊಂಡ. ನೀರು ಚೆಲ್ಲಿ ಮಡಿ ಪಂಚೆ ಒದ್ದೆ.

"ತಿನ್ನೂದಲ್ಲ ಅಪ್ಪಾ. ನೋಡು."

ಮೀನು ಮೇಲೇರಿ ಮರಿಯನ್ನು ಮೆಲ್ಲಗೆ ನೊರೆಯೊಳಗೆ ಉಗುಳಿತು. ಇನ್ನೊಂದು ಜಾರಿತು. ಅದನ್ನೂ ಹಿಡಿದು ತಂದು ಇಟ್ಟಿತು. ಮತ್ತೊಂದು. ಅಪ್ಪ ಮಣೆ ಎಳೆದುಕೊಂಡು ಕೂತ.

ಒಳಗಿಂದ ಆಯಿ ಕೂಗಿದಳು: "ಗಣಪತಿ ತರೂಕೆ ಹೋಗೂದಿಲ್ವಾ? ಹೊತ್ತಾಯ್ತು!"

"ತಡಿಯೇ," ಎಂದ ಅಪ್ಪ, ಗಾಜಿನಿಂದ ಕಣ್ಣು ತೆಗೆಯದೆ. "ಒಂದು ಕೆಳಗೆ ಬಿದ್ದದೆ. ಅದನ್ನ ಮೇಲೆ ಹಾಕಿದ ಕೂಡ್ಲೇ ಹೋಗ್ತೆ."

ಆ ತೊಟ್ಟಿಯಲ್ಲಿ ಮರಿಗಳು ನೂರಕ್ಕೂ ಹೆಚ್ಚಿದ್ದವು. ಆ ವರ್ಷ ಬೆಳಂಬಾರದಲ್ಲಿ ಎಲ್ಲರಿಗಿಂತ ಕೊನೆಗೆ ಗಣಪತಿ ಬಂದದ್ದು ನಮ್ಮ ಮನೆಗೆ.