ಕೂಟದ ಪಿಸ್ತೂಲಿನ ಟ್ರಿಗರ್ ಹಗುರ ಮಾಡಿದ್ದು

ದೋಹಾದಲ್ಲಿ ಏಷ್ಯನ್ ಗೇಮ್ಸ್ ಮುಗಿದು ತಿಂಗಳಾಗಿತ್ತು. ಇಡೀ ಊರಿಗೇ ಕ್ರೀಡಾಜ್ವರ ಇನ್ನೂ ಇಳಿದಿರಲಿಲ್ಲ. ಅಂಥ ಶುಭ ಮುಹೂರ್ತದಲ್ಲಿ ನಾನೊಂದು ಐತಿಹಾಸಿಕ ನಿರ್ಧಾರಕ್ಕೆ ಬಂದೆ: ನಮ್ಮ ಕನ್ನಡ ಕೂಟದ ಪಿಸ್ತೂಲಿನ ಟ್ರಿಗರನ್ನು ಅಂತಾರಾಷ್ಟ್ರೀಯ ಮಟ್ಟಕ್ಕೆ ಏರಿಸಿಯೇ ತೀರುವುದು! ಅದೂ ಮನೆಯಲ್ಲೇ, ಊಟದ ಮೇಜಿನ ಮೇಲೆ, ನನ್ನದೇ ಕೈಯಿಂದ!

ಗಾಬರಿಯಾಗಬೇಡಿ. ಈದ್ ಸಮಯದಲ್ಲಿ ಮಕ್ಕಳಿಗೆ ಮಾರುವ ಕೇಪಿನ ಪಿಸ್ತೂಲು ಅದು. ಪ್ರತಿ ಚಳಿಗಾಲ ಅಲ್ ರಯ್ಯಾನಿನ ಪಾರ್ಕಿನಲ್ಲಿ ಕೂಟದ ಪಿಕ್‌ನಿಕ್ ನಡೆಯುವಾಗ ಹೆಂಗಸರ ಓಟ ಆರಂಭವಾಗುವುದು ಅದರ 'ಟಪ್' ಸದ್ದಿನಿಂದ. ಹಾರಿಸುವವನು ನಾನು. "ನೀವು ಫಿಸಿಕ್ಸ್ ಓದಿರೋರು ಕಣ್ರೀ ಕಾಸ್ಮಿರ್, ನಿಮ್ಮ ಕೈ ಅಂದ್ರೆ ಗಡಿಯಾರ" ಎಂದು ಹೇಳಿ ಅಧ್ಯಕ್ಷ ಭೈರಪ್ಪನವರು ಆ ಜವಾಬ್ದಾರಿಯನ್ನು ನನಗೆ ಅಂಟಿಸಿದ್ದರು.

ಗಡಿಯಾರದ ಮಾನ ಹೋದದ್ದು ಹೊಸ ವರ್ಷದ ಪಾರ್ಟಿಯಲ್ಲಿ. ಭೈರಪ್ಪನವರು ಹಿಂದಿನ ಸಲದ ಓಟದ ವಿಡಿಯೋ ಹಾಕಿದರು. ಟ್ರಿಗರ್ ಎಷ್ಟು ಬಿಗಿಯೆಂದರೆ, ಅದನ್ನು ಒತ್ತುವ ಭರದಲ್ಲಿ ನನ್ನ ಕಣ್ಣು ಮುಚ್ಚಿ, ಮೂಗು ಸುಕ್ಕಾಗಿ, ಹಲ್ಲುಗಳೆಲ್ಲ ಹೊರಬಂದು, ಕೊನೆಗೆ 'ಟಪ್' ಅನ್ನುವಷ್ಟರಲ್ಲಿ ಒಂದು ಯುಗವೇ ಕಳೆಯುತ್ತಿತ್ತು! ನನ್ನ ಹಲ್ಲು ಕಂಡದ್ದೇ ಹೆಂಗಸರೆಲ್ಲ ಓಟ ಕಿತ್ತಿದ್ದರು. ಭೈರಪ್ಪನವರ ಹೆಂಡತಿ ಲಲಿತಮ್ಮ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ. ಸದ್ದಿಗಾಗಿ ಕಾದು ನಿಂತಿದ್ದ ಏಕೈಕ ಪ್ರಾಮಾಣಿಕ ಜೀವಿ ನನ್ನ ಹೆಂಡತಿ ಹೇಜಲ್!

ಹೇಜಲ್ ಶಿರ್ವದ ಶಾಲೆಯಲ್ಲಿ ನೂರು ಮೀಟರ್ ಓಟದ ರಾಣಿಯಾಗಿದ್ದವಳು. ಇಲ್ಲಿ ಮಾತ್ರ ಪ್ರತಿಸಲ ಎರಡನೆಯ ಸ್ಥಾನ. ಲಲಿತಮ್ಮನ ಮನೆಗೆ ಹೋದಾಗಲೆಲ್ಲ ಟೀವಿಯ ಮೇಲೆ ಪ್ಲಾಸ್ಟಿಕ್ ಗುಲಾಬಿ ತುಂಬಿಕೊಂಡು ನಿಂತ, ಓಟ ಗೆದ್ದವರ ಮನೆ ಸೇರುವ ರೋಲಿಂಗ್ ಕಪ್ ನೋಡಿ ಅವಳ ಕಾಫಿ ಆರಿಹೋಗುತ್ತಿತ್ತು.

ವಿಡಿಯೋ ಮುಗಿದಾಗ ಹೇಜಲ್ ಜಗಳವಾಡಲಿಲ್ಲ. "ಇನ್ನೊಮ್ಮೆ ಹಾಕಿ" ಎಂದಳು, ಅಷ್ಟೇ. ಲಲಿತಮ್ಮ ನಾಚಿ ಘೋಷಿಸಿದರು: "ಈ ಸಲ ಎಲ್ರೂ ಸದ್ದಿಗೇ ಓಡೋದು ಕಣ್ರೀ. ದೇವರಾಣೆಗೂ!"

ನಾನು ಪಿಸ್ತೂಲನ್ನು ಮನೆಗೆ ತಂದೆ. ಹೆಂಡತಿಗೆ ನ್ಯಾಯ ಒದಗಿಸುವುದು ಗಂಡನ ಧರ್ಮವಲ್ಲವೇ?

ವಿಜ್ಞಾನಿಯಾದವನು ಮೊದಲು ಅಳೆಯಬೇಕು. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಟ್ರಿಗರಿಗೆ ಸಿಕ್ಕಿಸಿ ಎಳೆದೆ. ಏಳು ಕೆಜಿ! ವಿಮಾನದಲ್ಲಿ ಕೈಚೀಲಕ್ಕೆ ಕೊಡುವ ಮಿತಿ ಅದು! ಆಮೇಲೆ ಸಲಕರಣೆ. ಕನ್ನಡಕ ರಿಪೇರಿಯ ಸ್ಕ್ರೂಡ್ರೈವರ್ ನನ್ನದು. ಹುಬ್ಬಿನ ಚಿಮುಟ, ಉಗುರಿನ ಅರ, ಹೊಲಿಗೆ ಯಂತ್ರದ ಎಣ್ಣೆ ಹೇಜಲಳವು. ಬಿಡಿಭಾಗ ಹರಡಲು ಅವಳ ನೀರುದೋಸೆಯ ಕಾವಲಿ.

"ಎಂಥ ಮಾರಾಯ್ರೆ ಇದು? ಕಾವಲಿಯಲ್ಲಿ ಪಿಸ್ತೂಲು ಕಾಯಿಸ್ತೀರಾ?"

"ಟ್ರಿಗರ್ ಅಪ್‌ಗ್ರೇಡ್!"

ಹೇಜಲಳ ಮುಖ ಬಿಳುಚಿತು. "ಬೇಡ. ಅದಕ್ಕೆ ಎಂಥ ಆಗಿದೆ? ಸರಿ ಉಂಟಲ್ಲ!"

"ಸರಿಯಾ? ನನ್ನ ಮುಖ ನೋಡಿದೆಯಲ್ಲ ವಿಡಿಯೋದಲ್ಲಿ?"

"ಮುಖವೂ ಸರಿ ಉಂಟು. ಸುಮ್ಮನೆ ಇಡಿ."

ಮದುವೆಯಾದಾಗಿನಿಂದ ನನ್ನ ಮುಖಕ್ಕೆ ಸಿಕ್ಕ ಮೊದಲ ಪ್ರಶಂಸಾಪತ್ರ! ನಾನು ಕರಗಿಹೋದೆ. ನಿಜಕ್ಕೂ ಕೆಲವು ದಿನಗಳಿಂದ ಅವಳು ನನ್ನ ಮುಖವನ್ನೇ ದಿಟ್ಟಿಸುತ್ತಿದ್ದಳು. ಜೊತೆಗೊಂದು ವಿಚಿತ್ರ. ಬಿಗಿಯಾದ ಬಾಟಲಿಗಳನ್ನೆಲ್ಲ ತಂದು "ಸ್ವಲ್ಪ ಮುಚ್ಚಳ ತೆಗೆದುಕೊಡಿ" ಅನ್ನುವಳು. ನಾನು ಹಲ್ಲು ಕಚ್ಚಿ ತಿರುಗಿಸುವಷ್ಟರಲ್ಲಿ ಅವಳು ಕಾರಿಡಾರಿನ ಆ ತುದಿಯಲ್ಲಿ! ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದುಕೊಂಡೆ. ವಿಜ್ಞಾನಿಯೂ ಕೆಲವೊಮ್ಮೆ ಊಹೆಯನ್ನು ಪರೀಕ್ಷಿಸುವುದಿಲ್ಲ.

ಆ ಸಂಜೆಯೂ ಹಾಗೆಯೇ. ಮಾವಿನ ಉಪ್ಪಿನಕಾಯಿಯ ಬಾಟಲಿ ತಂದಳು, ನಾನು ತೆಗೆದೆ, ಅವಳು ಓಡಿದಳು. ಬಾಟಲಿ ಬಾಯ್ತೆರೆದುಕೊಂಡು ಮೇಜಿನ ಮೇಲೆಯೇ ಉಳಿಯಿತು. ನಾನು ಪಿಸ್ತೂಲಿನ ಕೊನೆಯ ಸ್ಕ್ರೂ ಬಿಚ್ಚಿದೆ.

ಟಣ್!

ಟ್ರಿಗರಿನ ಸ್ಪ್ರಿಂಗ್ ಕಣ್ಣೆದುರೇ ಅಂತರಿಕ್ಷ ಸೇರಿತು. ಸೋಫಾ ಮಗುಚಿದೆ. ಫ್ರಿಜ್ ಸರಿಸಿದೆ. ಅದರ ಹಿಂದೆ ಹೇಜಲಳ ಕಿವಿಯೋಲೆ ಸಿಕ್ಕಿತು, ಸತ್ತ ಜಿರಳೆಯೊಂದು ಸಿಕ್ಕಿತು, ಸ್ಪ್ರಿಂಗ್ ಮಾತ್ರ ಅರಬರ ಮಾತಿನಲ್ಲಿ 'ಮಾಫಿ', ಇಲ್ಲವೇ ಇಲ್ಲ!

ಎದೆಗುಂದಲಿಲ್ಲ. ಆಫೀಸಿನ ಬಾಲ್‌ಪೆನ್ನೊಂದನ್ನು ಬಲಿಕೊಟ್ಟು ಅದರ ಸ್ಪ್ರಿಂಗ್ ಹಾಕಿದೆ. ಕೊಂಡಿಯನ್ನು ಉಗುರಿನ ಅರದಿಂದ ಕನ್ನಡಿಯಂತೆ ಉಜ್ಜಿದೆ. ಎಣ್ಣೆ ಬಿಟ್ಟೆ. ಕೊಕ್ಕೆ ತಕ್ಕಡಿಯಿಂದ ಎಳೆದರೆ ಮುಳ್ಳು ಅಲುಗಲೇ ಇಲ್ಲ! ಹೆಮ್ಮೆಯಿಂದ ಕೇಪು ತುಂಬಿ ಮೇಜಿನ ಮೇಲಿಟ್ಟೆ.

ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕಿತು. ಪಿಸ್ತೂಲು 'ಟಪ್' ಎಂದು ಉತ್ತರ ಕೊಟ್ಟಿತು! ಕುಕ್ಕರ್ ಮತ್ತೆ ಕೂಗಿತು. ಪಿಸ್ತೂಲನ್ನು ಹಿಡಿಯಲು ಹೋದೆ, ಮತ್ತೆ 'ಟಪ್'! ಪಕ್ಕದ ಫ್ಲ್ಯಾಟಿನ ನಫೀಸಾ ಬಾಗಿಲು ಬಡಿದು, "ಹೇಜಲ್, ಗಂಡ ಹೆಂಡತಿ ಜಗಳ ಎಲ್ಲಿವರೆಗೆ ಬಂತು?" ಎಂದು ಕೇಳಿದಳು.

ಅವಳನ್ನು ಸಮಾಧಾನಪಡಿಸಿ ಕಳಿಸಿದ ಹೇಜಲ್ ನನ್ನ ಮುಂದೆ ಬಂದು ನಿಂತಳು. "ಹಳೇ ಸ್ಪ್ರಿಂಗ್ ವಾಪಸ್ ಹಾಕಿ. ಮೊದಲು ಹೇಗಿತ್ತೋ ಹಾಗೇ ಆಗ್ಬೇಕು. ಹಾಕ್ತೀರಲ್ಲ?"

ಕಳೆದುಹೋದ ಸ್ಪ್ರಿಂಗನ್ನು ಹಾಕುವುದೆಲ್ಲಿಂದ? ಭೌತಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. "ಹಾಕಿದೆ, ಖಲಾಸ್" ಎಂದುಬಿಟ್ಟೆ. ಪೆನ್ನಿನ ಸ್ಪ್ರಿಂಗನ್ನೇ ಕೊಂಚ ಹಿಗ್ಗಿಸಿ ಕುಕ್ಕರಿಗೆ ಹೆದರದಷ್ಟು ಧೈರ್ಯ ತುಂಬಿದೆ. ಹೇಜಲ್ ನೆಮ್ಮದಿಯ ಉಸಿರು ಬಿಟ್ಟು ಮೇಜಿನ ಮೇಲಿನ ಬಾಟಲಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿಟ್ಟಳು.

ಶುಕ್ರವಾರ ಬಂತು. ಪಾರ್ಕಿನ ಹುಲ್ಲಿನ ಮೇಲೆ ಹೆಂಗಸರು ಸಾಲಾಗಿ ನಿಂತರು. ಎಲ್ಲರ ಕಣ್ಣು ದೂರದ ರಿಬ್ಬನ್ನಿನ ಮೇಲೆ. ಹೇಜಲಳ ಕಣ್ಣು ಮಾತ್ರ ನನ್ನ ಮುಖದ ಮೇಲೆ! ಎಂಥ ಪ್ರೀತಿ! ನಾನು ಗಂಭೀರವಾಗಿ ಕೈಯೆತ್ತಿ, ಮುಖದ ಒಂದು ಗೆರೆಯೂ ಅಲುಗದಂತೆ ಬೆರಳು ತಾಗಿಸಿದೆ.

ಟಪ್!

ಲಲಿತಮ್ಮ ಬಾಣದಂತೆ ಹೋದರು. ಉಳಿದವರು ಅವರ ಹಿಂದೆ. ಹೇಜಲ್ ನಿಂತೇ ಇದ್ದಳು, ನನ್ನ ಮುಖವನ್ನೇ ನೋಡುತ್ತ.

"ಓಡು ಮಾರಾಯ್ತಿ!" ಎಂದು ಕಿರುಚಿದೆ.

"ನೀವು ಹಲ್ಲು ಬಿಡಲೇ ಇಲ್ಲವಲ್ಲ!" ಎಂದು ಅವಳೂ ಕಿರುಚಿದಳು.

ಅಷ್ಟರಲ್ಲಿ ಲಲಿತಮ್ಮ ರಿಬ್ಬನ್ ಹರಿದಾಗಿತ್ತು. "ಏನ್ ಸ್ಟಾರ್ಟ್ ಕೊಟ್ರಿ ಕಾಸ್ಮಿರ್! ನಯಾಪೈಸೆ ಮೋಸ ಇಲ್ಲ!" ಎಂದು ಭೈರಪ್ಪನವರು ನನ್ನ ಬೆನ್ನು ತಟ್ಟಿದರು. ಹೇಜಲ್ ಈ ಸಲ ಎರಡನೆಯ ಸ್ಥಾನವನ್ನೂ ಕಳೆದುಕೊಂಡು ಕೊನೆಯಲ್ಲಿ ನಡೆದುಕೊಂಡು ಬಂದಳು.

ಕಾರಿನಲ್ಲಿ ಒಂದೇ ಪ್ರಶ್ನೆ. "ಬಾಟಲಿ ತೆಗೆಸಿ ತೆಗೆಸಿ ನಿಮ್ಮ ಮುಖ ನೋಡಿ ಪ್ರಾಕ್ಟೀಸ್ ಮಾಡಿದ್ದು ನಾನು. ಹಳೇ ಸ್ಪ್ರಿಂಗ್ ಹಾಕಿದ್ದೀರಿ ತಾನೇ?"

"ಹಾಕಿದ್ದೇನೆ. ಬಿಸಿಲಿಗೆ ಲೋಹ ಹಿಗ್ಗುತ್ತದೆ ನೋಡು, ಸಡಿಲವಾಗಿರಬೇಕು."

"ಜನವರಿಯಲ್ಲಾ?"

ನಾನು ಕಾರಿನ ರೇಡಿಯೋ ಜೋರು ಮಾಡಿದೆ.

ರಾತ್ರಿ ಗಂಜಿಗೆ ಕುಳಿತೆವು. ಉಪ್ಪಿನಕಾಯಿಯ ಬಾಟಲಿ ತಳ ಕಂಡಿತ್ತು. ಚಮಚ ಆಡಿಸಿದರೆ 'ಟಿಂಗ್' ಎಂದಿತು. ಎತ್ತಿ ನೋಡಿದೆ. ಮಾವಿನ ಹೋಳಿನ ಮೇಲೆ, ಮೆಣಸು ಎಣ್ಣೆ ಕುಡಿದು ಕೆಂಪಾಗಿ ಹೊಳೆಯುತ್ತ ಮಲಗಿತ್ತು ಹಳೆಯ ಸ್ಪ್ರಿಂಗ್! ಹೇಜಲ್ ತಲೆಯೆತ್ತುತ್ತಿದ್ದಳು. ಯೋಚಿಸಲು ಸಮಯವೆಲ್ಲಿ? ಹೋಳಿನ ಸಮೇತ ಬಾಯಿಗೆ ಹಾಕಿಕೊಂಡುಬಿಟ್ಟೆ.

ಖಾರ ನೆತ್ತಿಗೇರಿತು. ಸ್ಪ್ರಿಂಗ್ ನಾಲಿಗೆಯನ್ನು ಚುಚ್ಚಿತು. ಕಣ್ಣು ಮುಚ್ಚಿತು, ಮೂಗು ಸುಕ್ಕಾಯಿತು, ಹಲ್ಲುಗಳೆಲ್ಲ ಹೊರಬಂದವು.

ಹೇಜಲ್ ಕುರ್ಚಿ ಉರುಳಿಸಿ ಓಡಿದಳು! ಕಣ್ಣು ಬಿಡುವಷ್ಟರಲ್ಲಿ ಕಾರಿಡಾರಿನ ತುದಿ ಮುಟ್ಟಿ ಏದುಸಿರು ಬಿಡುತ್ತ ನಿಂತಿದ್ದಳು. ಏಷ್ಯನ್ ಗೇಮ್ಸಿನಲ್ಲೂ ಅಂಥ ಸ್ಟಾರ್ಟ್ ಕಂಡವರಿಲ್ಲ.

ಅವಳು ನಿಧಾನವಾಗಿ ವಾಪಸ್ ಬಂದು ನನ್ನ ಗಲ್ಲದ ಕೆಳಗೆ ಅಂಗೈ ಚಾಚಿದಳು.

"ಉಗುಳಿ."

ಉಗುಳಿದೆ. ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದಳು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದರೆ ಬರೀ ಉರಿ ಬಂತು.

"ಈಗಲೇ ಪಿಸ್ತೂಲಿಗೆ ಹಾಕಿಬಿಡ್ತೇನೆ" ಎಂದು ತೊದಲಿದೆ.

"ಬೇಡ" ಎಂದಳು ಹೇಜಲ್, ಸ್ಪ್ರಿಂಗನ್ನು ಮತ್ತೆ ಉಪ್ಪಿನಕಾಯಿಯ ಬಾಟಲಿಗೇ ಹಾಕಿ ಮುಚ್ಚಳ ಬಿಗಿಯುತ್ತ. "ಪಿಸ್ತೂಲು ಹಾಗೇ ಇರಲಿ. ಬರುವ ವರ್ಷ ಇದನ್ನು ಬಾಯಲ್ಲಿಟ್ಟುಕೊಂಡು ಸ್ಟಾರ್ಟ್ ಕೊಡಿ!"