ಬೆಳೆಯಬಾರದೆಂದು ಆದೇಶವಾಗಿದ್ದ ಉಡ

ಸರ್ಕಾರದ ವಶದಲ್ಲಿರುವ ಯಾವುದೇ ಜೀವಿಯು ಮೇಲಧಿಕಾರಿಗಳ ಪೂರ್ವಾನುಮತಿಯಿಲ್ಲದೆ ಬೆಳೆಯತಕ್ಕದ್ದಲ್ಲವೆಂದು ೧೯೯೯ರಲ್ಲಿ ಬೈಲ್ಕುಳಿ ಅರಣ್ಯ ಕಚೇರಿಯು ಆದೇಶ ಹೊರಡಿಸಿತು. ಇದರಿಂದ ಫಾರೆಸ್ಟ್ ಗಾರ್ಡ್ ದಿನಕರನ ಸಂಸಾರಕ್ಕೆ ಸ್ವಲ್ಪ ತೊಂದರೆಯಾಯಿತು.

ಹಿಂದಿನ ಬೇಸಿಗೆಯಲ್ಲಿ ಕಾನಸೂರಿನ ಚೌಡ ಎಂಬಾತ ಯಲ್ಲಾಪುರದ ಬಸ್ಸಿನಲ್ಲಿ, ಕೈಚೀಲದೊಳಗೆ ಉಡದ ಮರಿಯಿಟ್ಟುಕೊಂಡು ಸಿಕ್ಕಿಬಿದ್ದಿದ್ದ. ಪಂಚನಾಮೆಯಲ್ಲಿ 'ಉದ್ದ, ಬಾಲವೂ ಸೇರಿ, ಒಂದು ಅಡಿ' ಎಂದು ಬರೆದು, ತೀರ್ಪು ಬರುವವರೆಗೆ ಮರಿಯನ್ನು ದಿನಕರನ ಸುಪರ್ದಿಗೆ ಕೊಟ್ಟರು.

"ಇದಕ್ಕೆ ಎಂತ ತಿನ್ನಿಸೋದು ಸಾರ್?"

"ಏನರ ತಿನ್ನಸ್ರಿ. ಸಾಯಬಾರದು, ಅಷ್ಟ ನೋಡ್ರಿ," ಎಂದರು ರೇಂಜರ್ ಪರಮೇಶ್ವರಪ್ಪ.

ದಿನಕರನ ಹೆಂಡತಿ ಸೀತಾ ಬಾಗಿಲಲ್ಲೇ ತಡೆದಳು. "ಎಂತ ತಿಂತು ಅದು?"

"ಮೊಟ್ಟೆ."

"ಆನಂತೂ ಮುಟ್ತ್ನಿಲ್ಲೆ."

ನಾನಂತೂ ಮುಟ್ಟುವುದಿಲ್ಲವೆಂದವಳು ಹದಿನೈದು ದಿನದಲ್ಲಿ ತೆಂಗಿನ ಗೆರಟೆಯಲ್ಲಿ ಮೊಟ್ಟೆ ಒಡೆದು, ಕದಡಿ, "ಬಾ ಮಾಣಿ" ಎಂದು ಕರೆಯತೊಡಗಿದಳು. ಮಡಿವಂತರ ಮನೆಯಲ್ಲಿ ಮೊಟ್ಟೆ ಎನ್ನಬಾರದೆಂದು ಅದಕ್ಕೆ ಬಿಳಿ ಬಟಾಟೆ ಎಂದು ಹೆಸರಿಟ್ಟಳು. ದಿನಕರ ಗಸ್ತಿಗೆ ಹೋದಲ್ಲೆಲ್ಲ ಮಿಡತೆ, ಬಸವನಹುಳು ಹಿಡಿದು ತಂದ. ಚೌಡ ಕೋರ್ಟಿಗೆ ಬಂದು, ಮುಂದಿನ ತಾರೀಖು ಕೇಳಿಕೊಂಡು, ವಾಪಸ್ಸು ಹೋಗುವಾಗ ಹಳ್ಳದ ಏಡಿ ತಂದುಕೊಡುತ್ತಿದ್ದ. ಆರೋಪಿಯೇ ಸಾಕ್ಷ್ಯಕ್ಕೆ ಉಣಿಸಬಾರದೆಂದು ಯಾವ ಕಾನೂನಿನಲ್ಲೂ ಇರಲಿಲ್ಲ. ಉಡ ಪೊರೆ ಬಿಟ್ಟಿತು, ಮತ್ತೆ ಬಿಟ್ಟಿತು.

ವಿಚಾರಣೆ ಹತ್ತಿರ ಬಂದಾಗ ಪರಮೇಶ್ವರಪ್ಪ ಟೇಪು ಹಿಡಿದರು. ಎರಡೂವರೆ ಅಡಿ.

"ಯಾರನ್ನ ಕೇಳಿ ಬೆಳೀತ್ರಿ ಇದು?"

"ತಿಂದ್ರೆ ಬೆಳೀತದೆ ಸಾರ್."

"ತಿನ್ನಸ್ರಿ ಅಂದಿದ್ದೆ. ಬೆಳಸ್ರಿ ಅಂದಿದ್ನೇನು?"

ಮೂಲ ಮರಿಯನ್ನು ಮಾರಿ ಬೇರೆ ಉಡ ತಂದಿಟ್ಟಿದ್ದೀರೆಂದು ಚೌಡನ ವಕೀಲರು ಹೇಳಿದರೆ ದಿನಕರನ ನೌಕರಿ ಹೋಗುವುದು ನಿಶ್ಚಿತವಾಗಿತ್ತು. ಬೆಳೆಯತಕ್ಕದ್ದಲ್ಲವೆಂಬ ಆದೇಶ ಅಂದೇ ಹೊರಟಿತು; ಅದರ ಕೊನೆಯಲ್ಲಿ ಹೀಗಿತ್ತು: 'ಸದರಿ ಉಡಕ್ಕೆ ಜೀವಕ್ಕೆ ಸಾಲುವಷ್ಟು, ಆದರೆ ಉದ್ದಕ್ಕೆ ಸಾಲದಷ್ಟು ಆಹಾರ ನೀಡತಕ್ಕದ್ದು.' ದಿನಕರ ಅದನ್ನು ಉಡಕ್ಕೆ ಓದಿ ಹೇಳಿದ. ಉಡ ನಾಲಿಗೆ ಚಾಚಿ ಆದೇಶವನ್ನು ಮೂಸಿ, ತಿನ್ನುವಂಥದ್ದಲ್ಲವೆಂದು ಬಿಟ್ಟಿತು. ಬರಿದಾದ ಗೆರಟೆಯ ಮುಂದೆ ಅದು ಕೂತಿದ್ದನ್ನು ನೋಡಲಾರದೆ ಗಂಡ ಹೆಂಡತಿ ಒಬ್ಬರಿಗೊಬ್ಬರು ತಿಳಿಯದಂತೆ ಬಟಾಟೆ ಹಾಕಿದರು. ಆ ತಿಂಗಳು ಅದು ಇನ್ನೂ ಚೆನ್ನಾಗಿ ಬೆಳೆಯಿತು.

ಕೋರ್ಟಿನಲ್ಲಿ ನ್ಯಾಯಾಧೀಶರು ಚೌಡನನ್ನು ಕೇಳಿದರು: "ನಿನ್ನಿಂದ ವಶಪಡಿಸಿಕೊಂಡದ್ದು ಇದೇ ಏನು?"

ಅಲ್ಲವೆಂದರೆ ಚೌಡ ಬಿಡುಗಡೆ, ದಿನಕರ ಮನೆಗೆ. ಚೌಡ ಉಡವನ್ನು ನೋಡಿದ, ಏಡಿ ತಿಂದು ಗುಂಡಗಾದ ಅದರ ಹೊಟ್ಟೆಯನ್ನು ನೋಡಿದ.

"ಇದೇ ಸ್ವಾಮಿ."

"ಉದ್ದ?"

"ಒಂದೇ ಅಡಿ."

ಉಭಯ ಪಕ್ಷಗಳೂ ಒಪ್ಪಿದ್ದರಿಂದ ಸದರಿ ಉಡದ ಉದ್ದ ಒಂದು ಅಡಿಯೆಂದು ದಾಖಲಾಯಿತು. ಚೌಡನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಉಡ ಕಚೇರಿಯ ವಶದಲ್ಲೇ ಉಳಿಯಿತು.

ನ್ಯಾಯಾಲಯ ಒಪ್ಪಿದ ಅಡಿಯನ್ನು ಕಚೇರಿ ಒಪ್ಪದಿರುವುದು ಹೇಗೆ? ನಾಟಾ ಡಿಪೋದಲ್ಲಿ ಸಾಗವಾನಿ ದಿಮ್ಮಿಗಳ ಪಕ್ಕ ಉಡವನ್ನು ಮಲಗಿಸಿ, ಒಂದು ಉಡಕ್ಕೆ ಒಂದು ಅಡಿಯೆಂದು ಹಿಡಿದು ದಿಮ್ಮಿಗಳನ್ನು ಮತ್ತೆ ಅಳೆದರು. ಹತ್ತಡಿಯ ದಿಮ್ಮಿ ಮೂರಡಿಗೆ ಇಳಿಯಿತು. ಮಿಕ್ಕ ಉದ್ದ ಯಾವ ದಾಖಲೆಯಲ್ಲೂ ಇಲ್ಲದ್ದರಿಂದ ಪರಮೇಶ್ವರಪ್ಪನವರ ಹೊಸ ಮನೆಯ ಬಾಗಿಲುಗಳಾಯಿತು. ಹಳೆಯ ಆದೇಶವನ್ನು ರದ್ದುಪಡಿಸಿ, ಉಡವು ಇಲಾಖೆಯ ಹಿತದೃಷ್ಟಿಯಿಂದ ಧಾರಾಳವಾಗಿ ಬೆಳೆಯಬಹುದೆಂದು ತಿಳಿಸಲಾಯಿತು. ಗುತ್ತಿಗೆದಾರರು ಸರದಿಯಲ್ಲಿ ಮೊಟ್ಟೆ ಕಳಿಸಿದರು.

ವರ್ಷದ ದೈಹಿಕ ತಪಾಸಣೆಯಲ್ಲಿ ದಿನಕರನನ್ನೂ ಅದೇ ಉಡದ ಅಳತೆಯಲ್ಲಿ ಅಳೆದರು. ಅವನು ನೋಡಿ ಸಹಿ ಹಾಕಿ ಮನೆಗೆ ಬಂದ.

"ಆನೀಗ ಒಂದೂವರೆ ಅಡಿಯಡ," ಎಂದ.

ಸೀತಾ ಗೆರಟೆ ತೊಳೆಯುತ್ತಿದ್ದಳು. "ಹಂಗಾರೆ ಆನು ನಿಂಗಕ್ಕಿಂತ ಗಿಡ್ಡ ಆತು. ಅಡ್ಡಿಲ್ಲೆ, ಊಟಕ್ಕೆ ಬನ್ನಿ."