ಅಂಜುಬುರುಕಿ ರೆಕಾರ್ಡರ್ ಹಿಡಿದು ಹೊರಟಾಗ

ಜನರನ್ನು ಮಾತಾಡಿಸಿ ಪಿಎಚ್‌ಡಿ ಮಾಡಲು ಹೊರಟವರಿಗೆ ಫಜೀತಿ ತಪ್ಪಿದ್ದಲ್ಲ. ಅದರಲ್ಲೂ ನಾನು ಕಾಲಿಂಗ್ ಬೆಲ್ ಒತ್ತುವಾಗಲೇ ಬೆವರುವವಳು. ನನ್ನ ವಿಷಯ ಮನೆ ಮಾಲೀಕರು ಮತ್ತು ಬಾಡಿಗೆದಾರರ ಸಂಬಂಧ. "ಒಬ್ಬ ಮಾಲೀಕರಾದರೂ ಮನಸ್ಸು ಬಿಚ್ಚಿ ಮಾತಾಡಬೇಕು. ಇಲ್ಲದಿದ್ದರೆ ಪಿಎಚ್‌ಡಿ ಆಸೆ ಬಿಡು" ಎಂದು ಗೈಡ್ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಂದಿನಿಂದ ನನಗೆ ನಿದ್ದೆಯಿಲ್ಲ.

ಅಂದ್ರೆ?

ಉತ್ತರ ಚುಟುಕಾದರೆ "ಅಂದ್ರೆ?" ಎಂದು ಕೆದಕಬೇಕು ಅಂತ ಮೇಡಂ ಕಲಿಸಿದ್ದರು. ಮಲ್ಲತ್ತಹಳ್ಳಿಯಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಯಜಮಾನರೊಬ್ಬರ ಮುಂದೆ ಕೂತೆ.

"ಈಗಿನ ಬಾಡಿಗೆಯೋರು ಸರಿಯಿಲ್ಲಮ್ಮ."

"ಅಂದ್ರೆ?"

"ಅಂದ್ರೆ, ನೆಟ್ಟಗಿಲ್ಲ."

"ನೆಟ್ಟಗಿಲ್ಲ ಅಂದ್ರೆ?"

ಅವರು ಪಂಚೆ ಎತ್ತಿ ಕಟ್ಟಿ ಎದ್ದೇಬಿಟ್ಟರು. "ಅಂದ್ರೆ ಏನಮ್ಮ, ನಾನೇನ್ ಸುಳ್ ಹೇಳ್ತಿದೀನಾ?"

ಒಳಗಿಂದ ಅವರ ಹೆಂಡತಿ, "ಪಾಪ, ಮಗುನ ಯಾಕ್ ಗದರಿಸ್ತೀರಾ? ನಾನೂ ದಿನಾ ಹಂಗೇ ಕೇಳಲ್ವಾ?" ಎಂದರು.

"ಅದಕ್ಕೇ ಕಣೇ! ಮನೇಲಿ ಒಬ್ಳು ಸಾಲ್ದಾ?"

ಮೌನ

ನಾವು ಸುಮ್ಮನಿದ್ದರೆ ಎದುರಿನವರೇ ಮಾತಾಡುತ್ತಾರೆ ಎನ್ನುವುದು ಇನ್ನೊಂದು ತಂತ್ರ. ವಿಜಯನಗರದಲ್ಲಿ ಮನೆ ಬಾಡಿಗೆಗೆ ಕೊಡುವ ಅಜ್ಜಿಯೊಬ್ಬರಿಗೆ ಒಂದು ಪ್ರಶ್ನೆ ಕೇಳಿ, ಬಾಯಿ ಮುಚ್ಚಿ ಅವರನ್ನೇ ನೋಡುತ್ತ ಕೂತೆ. ಅವರೂ ನನ್ನನ್ನೇ ನೋಡಿದರು. ಭಯಕ್ಕೆ ನನ್ನ ಕೈ ನಡುಗತೊಡಗಿತು. ಅಜ್ಜಿ ಸರಕ್ಕನೆ ಒಳಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ನನಗೆ ನಿವಾಳಿಸಿ ಒಲೆಯಲ್ಲಿ ಸುಟ್ಟರು.

"ಘಾಟೇ ಬರ್ಲಿಲ್ಲ, ಭಾರೀ ದೃಷ್ಟಿ ಕಣಮ್ಮ! ಅದ್ಯಾರು ನಿನ್ನ ಹಂಗೆ ಗುರಾಯಿಸ್ಕೊಂಡ್ ನೋಡಿದ್ದು?"

ಗುಟ್ಟು

ಕೊನೆಗೆ ಉಳಿದದ್ದು ಬಸವೇಶ್ವರನಗರದ ನನ್ನದೇ ಓನರ್ ಆಂಟಿ. ಹೆಚ್ಚುಕಮ್ಮಿಯಾದರೆ ಓದೂ ಹೋಯಿತು, ಮನೆಯೂ ಹೋಯಿತು. ಅಳುಕುತ್ತಲೇ ಮಹಡಿ ಇಳಿದು, "ನೀವು ಹೇಳಿದ್ದು ಗುಟ್ಟಾಗಿರುತ್ತೆ ಆಂಟಿ, ಯಾರಿಗೂ ಗೊತ್ತಾಗಲ್ಲ" ಎಂದು ಮಾತು ಕೊಟ್ಟೆ. ಆಮೇಲೆ ಕೇಳಿದೆ: "ನಿಮಗೆ ತುಂಬ ಕಷ್ಟ ಕೊಟ್ಟ ಬಾಡಿಗೆಯವರು ಯಾರು?"

ಆಂಟಿ ಬಾಗಿಲು ಹಾಕಿ ಬಂದು, ನನ್ನನ್ನೇ ಓರೆಗಣ್ಣಿನಲ್ಲಿ ನೋಡುತ್ತ ದನಿ ತಗ್ಗಿಸಿದರು. "ಮೇಲಿನ ಮನೇಲಿ ಒಬ್ಳಿದಾಳೆ ಕಣಮ್ಮ. ಅದೇನೋ ಪಿಎಚ್‌ಡಿ ಅಂತೆ. ನಲ್ಲಿ ಸರಿಯಾಗಿ ನಿಲ್ಸಲ್ಲ. ಕರೆದ್ರೆ ಕೇಳಿಸ್ದೇ ಇರೋ ಥರ ಓಡ್ತಾಳೆ."

ಆಂಟಿ ನಿಲ್ಲಿಸಲೇ ಇಲ್ಲ. ಇಷ್ಟು ಮನಸ್ಸು ಬಿಚ್ಚಿದ ಮಾಲೀಕರು ನನಗೆ ಇನ್ನೆಲ್ಲಿ ಸಿಗಬೇಕು? ಸಂಶೋಧಕಿ ವಾದಿಸುವಂತಿಲ್ಲವಲ್ಲ, ತಲೆಯಾಡಿಸುತ್ತ ಕೂತೆ.

"ಯುಗಾದಿ ಕಳೀಲಿ, ಖಾಲಿ ಮಾಡಿಸ್ತೀನಿ. ನೀನ್ ಮಾತ್ರ ಅವಳಿಗೆ ಹೇಳ್ಬೇಡ."

"ಖಂಡಿತ ಹೇಳಲ್ಲ ಆಂಟಿ" ಎಂದೆ.